ಮಂಕಾದ ಕೆಂಪು ನೆಲಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆ

ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ (ಕೆಂಪು ಬಣ್ಣ ಬೆರೆಸಿದ ಸಿಮೆಂಟ್ ನೆಲ) ಮಂಕಾಗಿದ್ದರೆ, ಬರೀ ಬಿಸಿನೀರಿನಲ್ಲಿ ಎರಡು ಸಲ ಒರೆಸಿ ಪೂರ್ತಿ ಒಣಗಲು ಬಿಡಿ. ಬಳಿಕ ಹಳೆಯ ಹತ್ತಿಬಟ್ಟೆಗೆ ಒಂದೇ ಚಮಚ ಕೊಬ್ಬರಿ ಎಣ್ಣೆ ಹಾಕಿ, ಚೆನ್ನಾಗಿ ಹಿಸುಕಿ, ಒಳಗಿನ ಮೂಲೆಯಿಂದ ಬಾಗಿಲಿನ ಕಡೆಗೆ ಒತ್ತಿ ತಿಕ್ಕುತ್ತಾ ಬನ್ನಿ. ಅರ್ಧ ಗಂಟೆಯ ನಂತರ ಒಣಬಟ್ಟೆಯಿಂದ ಮತ್ತೆ ಒರೆಸಿ. ಬೆರಳಿಗೆ ಎಣ್ಣೆ ಅಂಟಬಾರದು. ಈ ಕೊನೆಯ ಒರೆಸುವಿಕೆಯನ್ನು ದಯವಿಟ್ಟು ಬಿಡಬೇಡಿ, ಹೊಳಪು ಬರುವುದೇ ಅದರಿಂದ. ಸಿಮೆಂಟಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಬಿಸಿನೀರು ಅವುಗಳಲ್ಲಿ ಕುಳಿತ ಸೋಪಿನ ಜಿಡ್ಡನ್ನು ಬಿಡಿಸುತ್ತದೆ, ಎಣ್ಣೆ ಅವುಗಳನ್ನು ತುಂಬಿ ಬಣ್ಣವನ್ನು ಗಾಢವಾಗಿಸುತ್ತದೆ. ಕಪ್ಪು ಕಡಪಾ ಕಲ್ಲಿಗೂ ಇದು ಚೆನ್ನಾಗಿ ಒಗ್ಗುತ್ತದೆ. ವಿಟ್ರಿಫೈಡ್ ಟೈಲ್ಸ್ ಎಣ್ಣೆ ಹೀರುವುದಿಲ್ಲ, ಅಲ್ಲಿ ಬರೀ ಜಾರಿಕೆಯಾಗುತ್ತದೆ. ಬಿಳಿ ಅಮೃತಶಿಲೆಯಲ್ಲಿ ಹಳದಿ ಕಲೆ ಉಳಿಯಬಹುದು. ಕೆಂಪು ಪದರವೇ ಸವೆದು ಸಿಮೆಂಟ್ ಕಾಣುತ್ತಿದ್ದರೆ ಅಥವಾ ತೇವದಿಂದ ಬಿಳಿ ಉಪ್ಪು ಏಳುತ್ತಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ, ಗಾರೆ ಕೆಲಸದವರನ್ನೇ ಕರೆಯಬೇಕು. ಬಚ್ಚಲು, ಮೆಟ್ಟಿಲುಗಳಿಗಂತೂ ಬೇಡವೇ ಬೇಡ. ವಯಸ್ಸಾದವರಿರುವ ಮನೆಯಲ್ಲಿ ಅವರು ಓಡಾಡದ ಹೊತ್ತಿನಲ್ಲಿ ಮಾಡಿ, ಓಡಾಡುವ ಮುನ್ನ ಇನ್ನೊಮ್ಮೆ ಒಣಬಟ್ಟೆ ಆಡಿಸಿದರೆ ಜಾರುವ ಭಯ ಕಡಿಮೆ. ಇನ್ನೊಂದು ಮಾತು: ಹೊಳಪಿಗೆಂದು ನಿಂಬೆರಸ, ವಿನೆಗರ್, ಆಸಿಡ್ ಹಾಕಬೇಡಿ. ಹುಳಿ ಸಿಮೆಂಟನ್ನೂ ಕಡಪಾವನ್ನೂ ಕೊರೆಯುತ್ತದೆ. ಹಾಗೆ ಹೋದ ನುಣುಪನ್ನು ಯಾವ ಎಣ್ಣೆಯೂ ಮರಳಿಸುವುದಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಸಾಕು, ನಡುವೆ ನೀರಿನಲ್ಲಿ ಒರೆಸಿದರಾಯಿತು.