ಉಪ್ಪಾಗೆ ಮರವೂ ಉಳಿಯಲಿ, ಕೊಯ್ಯುವವರ ಗಳಿಕೆಯೂ ಉಳಿಯಲಿ: ಊರು ಸೇರಿ ಮಾಡುವುದು ಹೇಗೆ?

ಮಳೆ ಹಿಡಿಯುತ್ತಿದ್ದಂತೆ ಮಲೆನಾಡಿನ ಕಾಡಂಚಿನ ಊರುಗಳಲ್ಲಿ ಉಪ್ಪಾಗೆ ಕಾಯಿಗೆ ಪೈಪೋಟಿ ಶುರುವಾಗುತ್ತದೆ. ಸಿಪ್ಪೆ ಒಣಗಿಸಿ ಅಡುಗೆಗೆ ಹುಳಿಯಾಗಿ ಬಳಸುವ ಕಾಡುಕಾಯಿ ಇದು. ಹಣ್ಣಾಗಿ ಹಳದಿ ತಿರುಗುವ ತನಕ ಕಾಯಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ‘ನಾನು ಬಿಟ್ಟರೆ ಇನ್ನೊಬ್ಬ ಕೊಯ್ದುಕೊಂಡು ಹೋಗ್ತಾನೆ’ ಎಂಬ ಭಯ. ಹಾಗಾಗಿ ಹಸಿರು ಕಾಯಿಯೇ ಬುಟ್ಟಿ ಸೇರುತ್ತದೆ. ದೋಟಿಗೆ ಎಟುಕದ ಕಡೆ ಕೊಂಬೆಯನ್ನೇ ಕಡಿಯುತ್ತಾರೆ.

ಈ ಅವಸರ ಹೆಚ್ಚಾದದ್ದು 1990ರ ದಶಕದಲ್ಲಿ. ಉಪ್ಪಾಗೆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಮೈತೂಕ ಇಳಿಸುತ್ತದೆ ಎಂಬ ಸುದ್ದಿ ಹೊರದೇಶಗಳಲ್ಲಿ ಹಬ್ಬಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಇದನ್ನು ಪರೀಕ್ಷಿಸಿ ನೋಡಿದರು. ಉಪ್ಪಾಗೆ ತಿಂದವರಿಗೂ ಸುಮ್ನೆ ಖಾಲಿ ಗುಳಿಗೆ ನುಂಗಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಗುಳಿಗೆ ಮಾರಾಟ ಅದರಿಂದ ನಿಲ್ಲಲಿಲ್ಲ, ಆ ಮಾತು ಬೇರೆ.

ಇಂಥ ಗಿಡ ಉಳಿಸೋಣ ಅಂದ ಕೂಡಲೇ ಜನ ಸಸಿ ನೆಡಲು ಹೊರಡುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ಅದಕ್ಕೂ ಮೊದಲು ಆಗಬೇಕಾದದ್ದು ಬಹಳ ಇದೆ.

ಮೊದಲು ಎಣಿಸಿ

ವರ್ಷವೂ ಕಾಯಿ ಕೊಯ್ಯುವ ನಾಲ್ಕಾರು ಜನರನ್ನು ಕರೆದುಕೊಂಡು ಕಾಡಿಗೆ ಹೋಗಿ. ಹೆಂಗಸರನ್ನು ಬಿಟ್ಟು ಹೋಗಬೇಡಿ. ಯಾವ ಮರ ಯಾವ ವರ್ಷ ಬಿಟ್ಟಿತ್ತು ಎಂಬ ನೆನಪು ಬಹಳ ಸಲ ಅವರ ಬಳಿಯೇ ಇರುತ್ತದೆ. ದೊಡ್ಡ ಮರ ಎಷ್ಟು, ಮೊಣಕಾಲೆತ್ತರದ ಸಸಿ ಎಷ್ಟು, ನಡುವಿನ ಎಳೆ ಮರ ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಿ. ದೊಡ್ಡ ಮರ ಬೇಕಾದಷ್ಟಿದ್ದು ಬುಡದಲ್ಲಿ ಮರಿಗಳೇ ಇಲ್ಲವೆಂದರೆ ಎಚ್ಚರಾಗಬೇಕು. ಬರೀ ಅಜ್ಜ-ಅಜ್ಜಿಯರೇ ಉಳಿದ ಮನೆಯ ಹಾಗೆ ಅದು.

ಎಣಿಸುವಾಗ ಕಾಯಿ ಬಿಡದ ಮರಗಳನ್ನೂ ಸೇರಿಸಿ. ಉಪ್ಪಾಗೆಯಲ್ಲಿ ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅದರದೇ ಜಾತಿಯ ಮುರುಗಲಿನಲ್ಲೂ (ಕೋಕಂ) ಹಾಗೇ. ‘ಗೊಡ್ಡು ಮರ’ ಅಂತ ಗಂಡನ್ನೆಲ್ಲ ಸೌದೆಗೆ ಕಡಿದರೆ ಹೆಣ್ಣು ಮರದ ಹೂವಿಗೆ ಪರಾಗ ಎಲ್ಲಿಂದ ಬರಬೇಕು?

ಈ ಲೆಕ್ಕ ಸೇರಬೇಕಾದ ಒಂದು ಪುಸ್ತಕ ನಿಮ್ಮ ಪಂಚಾಯಿತಿಯಲ್ಲಿ ಇರಬೇಕು: ಊರಿನ ಗಿಡ-ಮರ, ಪ್ರಾಣಿ, ಅವುಗಳ ಬಗೆಗಿನ ತಿಳಿವಳಿಕೆ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಈ ಪುಸ್ತಕ ಬರೆಸಬೇಕು. ಇದ್ದರೆ ತೆರೆಸಿ ನೋಡಿ. ಊರಿನ ನಾಟಿ ವೈದ್ಯರು ತಮ್ಮ ಔಷಧದ ಗುಟ್ಟು ಬರೆಸಲು ಒಪ್ಪದಿದ್ದರೆ ಒತ್ತಾಯ ಬೇಡ. ಗಿಡದ ಹೆಸರು, ಇರುವ ಜಾಗ ಸಾಕು.

ಹಕ್ಕಿನ ಕಾಗದ

ಬೇರೆಯವರು ಬಂದು ಕೊಯ್ದರೆ ತಡೆಯುವ ಹಕ್ಕು ನಿಮಗಿಲ್ಲದಿದ್ದರೆ ಯಾವ ನಿಯಮವೂ ನಿಲ್ಲುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನ (ಮರಮುಟ್ಟು ಬಿಟ್ಟು ಕಾಯಿ, ಜೇನು, ತೊಗಟೆಯಂಥವು) ಸಂಗ್ರಹಿಸುವ, ಬಳಸುವ, ಮಾರುವ ಹಕ್ಕಿದೆ. ಸಮುದಾಯದ ಹಕ್ಕಿಗೆ ನಮೂನೆ ‘ಬಿ’. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕಿಗೆ ನಮೂನೆ ‘ಸಿ’. ಅರ್ಜಿ ಕೊಡುವುದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಿಗೆ 2011ರಲ್ಲಿ ಹೀಗೆ ಸಮುದಾಯದ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ.

ಬುಡಕಟ್ಟಿನವರಲ್ಲದ ಕುಟುಂಬಗಳಿಗೆ ಇಲ್ಲೊಂದು ತೊಡಕಿದೆ. 2005ರ ಡಿಸೆಂಬರ್ 13ಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದು ಕಾಡನ್ನು ನಂಬಿದ್ದಕ್ಕೆ ಆಧಾರ ಕೊಡಬೇಕು. ಹಳೆಯ ದಾಖಲೆ, ಹಿರಿಯರ ಹೇಳಿಕೆ ಎಲ್ಲ ಒಟ್ಟು ಮಾಡಲು ಸಮಯ ಹಿಡಿಯುತ್ತದೆ. ಅದು ಮುಗಿಯುವ ತನಕ ಅರಣ್ಯ ಇಲಾಖೆಯ ಜೊತೆ ಸೇರಿ ಕೆಲಸ ಮಾಡುವ ಗ್ರಾಮ ಅರಣ್ಯ ಸಮಿತಿ ಊರಿನಲ್ಲಿ ಇದ್ದರೆ ಅದರ ಮೂಲಕವೇ ಕೆಲಸ ಶುರು ಮಾಡಿ.

ಕೊಯ್ಲಿನ ನಿಯಮ

ಇಡೀ ಕೆಲಸದ ಜೀವ ಇದು. ಗಿಡದ ಯಾವ ಭಾಗ ತೆಗೆಯುತ್ತೇವೆ ಎಂಬುದರ ಮೇಲೆ ನಿಯಮ ಬದಲಾಗುತ್ತದೆ.

ಹಣ್ಣು-ಕಾಯಿಗೆ ದಿನಾಂಕವೇ ನಿಯಮ. ಸಭೆ ಸೇರಿ ‘ಇಂಥ ದಿನಕ್ಕೆ ಮುಂಚೆ ಯಾರೂ ದೋಟಿ ಎತ್ತುವಂತಿಲ್ಲ’ ಎಂದು ಗೊತ್ತು ಮಾಡಿ. ತಾರೀಖು ಪಂಚಾಂಗ ನೋಡಿ ಅಲ್ಲ, ಮರ ನೋಡಿ. ಇಬ್ಬರು ಹೋಗಿ ಹಣ್ಣು ತಿರುಗಿದ್ದನ್ನು ಕಂಡು ಬಂದು ಹೇಳಲಿ. ಪೂರ್ತಿ ಬಲಿತ ಉಪ್ಪಾಗೆಯ ಸಿಪ್ಪೆ ದಪ್ಪ, ತೂಕವೂ ಜಾಸ್ತಿ. ಒಳಗಿನ ಬೀಜದಿಂದ ತುಪ್ಪ (ತುಪ್ಪದಂಥ ಗಟ್ಟಿ ಎಣ್ಣೆ) ತೆಗೆಯಬಹುದು. ಎಳೆ ಕಾಯಿಯ ಬೀಜ ತುಪ್ಪಕ್ಕೂ ಇಲ್ಲ, ಸಸಿಗೂ ಇಲ್ಲ. ಹೀಗಾಗಿ ಕಾಯುವುದರಿಂದ ನಷ್ಟವಿಲ್ಲ. ಬೇಕಾದದ್ದು ಎಲ್ಲರೂ ಕಾಯುತ್ತಾರೆ ಎಂಬ ನಂಬಿಕೆ ಅಷ್ಟೇ.

ಮರವನ್ನು ಪೂರ್ತಿ ಬೋಳಿಸಬೇಡಿ. ಮಂಗ, ಬಾವಲಿಗಳಿಗೂ ಪಾಲು ಇರಲಿ, ಬೀಜ ದೂರ ಒಯ್ದು ಬಿತ್ತುವ ಕೂಲಿ ಅದು! ಜಾಯಿಕಾಯಿ ಜಾತಿಯ ಕಾಡುಮರ ರಾಮಪತ್ರೆಯಾದರೆ ಕಾಯಿ ತಾನಾಗಿ ಬಿರಿಯುವ ತನಕ ಬಿಡಿ. ಮಂಗಟ್ಟೆ ಹಕ್ಕಿ ಅದರ ಬೀಜ ಹೊತ್ತೊಯ್ಯುವುದು ಬಿರಿದ ಮೇಲೆಯೇ. ದಾಲ್ಚಿನ್ನಿ ಮೊಗ್ಗಿನದು ಇನ್ನೂ ಕಷ್ಟ. ಮೊಗ್ಗು ಕೊಯ್ದ ಕೊಂಬೆಯಲ್ಲಿ ಆ ವರ್ಷ ಬೀಜವೇ ಇಲ್ಲ. ಆದ್ದರಿಂದ ಪ್ರತಿ ಗುಂಪಿನಲ್ಲೂ ಕೆಲವು ಮರಗಳಿಗೆ ಬಣ್ಣದ ಪಟ್ಟಿ ಬಳಿದು ಮುಟ್ಟದೆ ಬಿಡಿ.

ತೊಗಟೆ ತೆಗೆಯುವಾಗ ಸುತ್ತ ಬಳೆಯ ಹಾಗೆ ಸುಲಿದರೆ ಮರ ಸತ್ತಂತೆಯೇ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಉದ್ದಕ್ಕೆ ಕಿರಿದಾದ ಪಟ್ಟಿ ತೆಗೆದು, ಗಾಯ ಮಾಗುವ ತನಕ ಆ ಮರದ ತಂಟೆಗೆ ಹೋಗಬೇಡಿ. ಅಶೋಕ ಮರ ಅಪರೂಪವಾಗಲು ತೊಗಟೆಯ ಬೇಡಿಕೆಯೂ ಕಾರಣ.

ಬೇರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರನ್ನು ಅಗೆದರೆ ಬಳ್ಳಿಯೇ ಹೋಗುತ್ತದೆ. ಕಾಡಿನದನ್ನು ಬಿಟ್ಟುಬಿಡಿ, ಬೀಜ ತಂದು ಹಿತ್ತಲಲ್ಲಿ ಬೆಳೆಸಿ. ಅದರ ಕಾಯಿ ಒಡೆದರೆ ಬೀಜ ರೇಷ್ಮೆ ಕೂದಲಿನ ಜೊತೆ ಹಾರಿಹೋಗುತ್ತದೆ. ಬಿರಿಯುವ ಮೊದಲು ಬಲಿತ ಕಾಯಿಗೆ ಬಟ್ಟೆ ಚೀಲ ಕಟ್ಟಿಡಿ.

ಒಣಗಿಸುವಾಗ ಇನ್ನೊಂದು ಮರ ಹೋಗದಿರಲಿ

ಉಪ್ಪಾಗೆ ಹಣ್ಣಾಗುವುದು ಸುರಿಯುವ ಮಳೆಯಲ್ಲಿ. ಬಿಸಿಲಿಲ್ಲ, ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಒಂದು ಮರ ಉಳಿಸಲು ಹೊರಟು ಸೌದೆಗೆ ಹತ್ತು ಮರ ಸುಡುವ ಪರಿಸ್ಥಿತಿ. ಮನೆಗೊಂದು ಒಲೆ ಹೂಡುವ ಬದಲು ನಾಲ್ಕೈದು ಮನೆ ಸೇರಿ, ಸೌದೆ ಕಡಿಮೆ ಬೇಡುವ ಮುಚ್ಚಿದ ಒಲೆಯ ಡ್ರೈಯರ್ ಹಾಕಿಕೊಳ್ಳಿ. ಹೊಗೆ ತಾಗದ ಸಿಪ್ಪೆಯ ಬಣ್ಣವೂ ಚೆನ್ನಾಗಿರುತ್ತದೆ.

ಮಾರುವಾಗಲೂ ಒಟ್ಟಿಗೆ ತೂಗಿ, ಒಟ್ಟಿಗೆ ಮಾರಿ. ಬುಡಕಟ್ಟು ಕುಟುಂಬಗಳಿಗೆ ಕಾಡಿನ ಉತ್ಪನ್ನ ಕೊಂಡು ಮಾರುವ ಲ್ಯಾಂಪ್ಸ್ ಸಹಕಾರ ಸಂಘಗಳಿವೆ.

ಈಗ ಬೀಜ, ಸಸಿ

ಬೀಜ ತರುವಾಗ ಒಂದೇ ಒಳ್ಳೆಯ ಮರವನ್ನು ನೆಚ್ಚಬೇಡಿ. ಬೀಜ ಬ್ಯಾಂಕಿನವರ ಲೆಕ್ಕ ಹೀಗಿದೆ: ಸಾಧ್ಯವಾದರೆ 50 ಗಿಡಗಳಿಂದ ಆರಿಸಿ, ಆ ದಿನ ಬಲಿತು ಸಿಗುವ ಬೀಜದಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ತೆಗೆಯಬೇಡಿ.

ಸೀಗೆ, ಅಂಟುವಾಳದಂಥ ಗಟ್ಟಿ ಬೀಜಗಳನ್ನು ಒಣಗಿಸಿ, ಡಬ್ಬಿಯಲ್ಲಿ ಒಣ ಇದ್ದಿಲಿನ ಜೊತೆ ಇಡಬಹುದು. ಹಲಸು, ಮುರುಗಲು, ರಾಮಪತ್ರೆ, ಉಪ್ಪಾಗೆ ಹಾಗಲ್ಲ. ಒಣಗಿದರೆ ಸಾಯುತ್ತವೆ. ತಂದ ಕೂಡಲೇ ತೊಳೆದು ಬಿತ್ತಬೇಕು. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಬೀಜದ ಹೊರಸಿಪ್ಪೆ ಜೋಪಾನವಾಗಿ ಬಿಡಿಸಿ ಬಿತ್ತಿದರೆ ಬೇಗ ಏಳುತ್ತದೆ. ಎರಡು ತಿಂಗಳಿಗೇ ‘ಹುಟ್ಟಲಿಲ್ಲ’ ಅಂತ ಮಡಿ ಅಗೆದು ಹಾಕಬೇಡಿ.

ತೋಟಕ್ಕಾದರೆ ಕಸಿ ಗಿಡ ಒಳ್ಳೆಯದು. ಹೆಣ್ಣೇ ಎಂಬ ಖಾತ್ರಿ ಇರುತ್ತದೆ, ಬೇಗ ಕಾಯಿ ಬಿಡುತ್ತದೆ. ಕಾಡಿಗೆ ಮಾತ್ರ ಬೀಜದ ಸಸಿಯೇ ಹೋಗಲಿ. ಅಲ್ಲಿ ಗಂಡೂ ಬೇಕು, ತರಹೇವಾರಿ ಗುಣಗಳೂ ಬೇಕು.

ಪ್ರತಿ ವರ್ಷ ನೋಡುತ್ತಿರಿ

ಕೊಯ್ಯುವುದನ್ನು ನಿಲ್ಲಿಸಿದ ಮಾತ್ರಕ್ಕೆ ಗಿಡ ಉಳಿಯುತ್ತದೆ ಅಂತಲ್ಲ. ಬಿಳಿಗಿರಿರಂಗನ ಬೆಟ್ಟದ ನೆಲ್ಲಿ ಮರಗಳನ್ನು ಸೋಲಿಗರೂ ಸಂಶೋಧಕರೂ ಸೇರಿ ವರ್ಷಗಟ್ಟಲೆ ಗಮನಿಸಿದರು. ಕಾಯಿ ಕೊಯ್ಯುವುದಕ್ಕಿಂತ ಮರದ ಮೇಲೇ ಬೆಳೆದು ಅದರ ಸಾರ ಹೀರುವ ಬಂದಳಿಕೆ, ನೆಲ ತುಂಬ ಹಬ್ಬಿದ ಲಂಟಾನ ಕಳೆ ದೊಡ್ಡ ಪೀಡೆಯಾಗಿದ್ದವು. ಹಿಂದೆ ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಇವೆರಡೂ ಹೆಚ್ಚಿದವು ಎಂಬುದು ಸೋಲಿಗರ ಮಾತು. ಬೆಂಕಿಯ ವಿಷಯ ಅರಣ್ಯ ಇಲಾಖೆಯ ಜೊತೆ ಕೂತು ಮಾತಾಡಬೇಕಾದದ್ದು, ನೀವೇ ಹಚ್ಚಲು ಹೋಗಬೇಡಿ. ಬಂದಳಿಕೆ ಹತ್ತಿದ ರೆಂಬೆಯನ್ನು ಕೊಯ್ಲಿಗೆ ಹೋದಾಗಲೇ ಸವರಿ ತೆಗೆಯಬಹುದು.

ಮೊದಲ ವರ್ಷ ಒಂದೇ ಗಿಡಕ್ಕೆ ನಿಯಮ ಮಾಡಿ. ಎಲ್ಲದಕ್ಕೂ ಒಟ್ಟಿಗೆ ಕೈ ಹಾಕಿದರೆ ಸಭೆಯಲ್ಲಿ ಜಗಳವೇ ಜಾಸ್ತಿ. ಉಪ್ಪಾಗೆ ಆದರೆ ಸಭೆ ಮೇ ತಿಂಗಳಲ್ಲೇ ಆಗಲಿ. ಮಳೆ ಬಿದ್ದ ಮೇಲೆ ಕರೆದರೆ ಅರ್ಧ ಜನ ಆಗಲೇ ದೋಟಿ ಹಿಡಿದು ಕಾಡಿನಲ್ಲಿರುತ್ತಾರೆ.