ಗುಂಡನ ಹಟ ಅಂದುಕೊಂಡಿದ್ದೆ

ನಾಯಿಮರಿ ಚಿನ್ನಿ ಮನೆಗೆ ಬಂದು ಮೂರು ವಾರ ಆಗಿತ್ತು. ನಮ್ಮ ಐದು ವರ್ಷದ ಗಂಡು ಬೆಕ್ಕು ಗುಂಡ ನನ್ನ ಹಾಸಿಗೆ ಮೇಲೆ ಉಚ್ಚೆ ಹೊಯ್ದ. ಮಾರನೇ ದಿನ ಮತ್ತೆ ಅದೇ. "ನಾಯಿ ತಂದಿದ್ದಕ್ಕೆ ಸೇಡು ತೀರಿಸ್ಕೊಳ್ತಿದ್ದಾನೆ" ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಅವನನ್ನು ಗದರಿಸಿದೆ ಕೂಡ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ.

ನಾಲ್ಕನೇ ದಿನ ಅವನು ಮರಳಿನ ಟ್ರೇಗೆ ಹೋಗಿದ್ದು ಕಣ್ಣಿಗೆ ಬಿತ್ತು. ಕೂತ, ಎದ್ದ. ಇನ್ನೊಂದು ಮೂಲೆ ಕೆರೆದು ಮತ್ತೆ ಕೂತ. ಸಣ್ಣಗೆ ನರಳಿದ. ಆಮೇಲೆ ನೋಡಿದರೆ ಮರಳಲ್ಲಿ ಎರಡು ಹನಿ, ಅಷ್ಟೇ. ಹೊರಗೆ ಬಂದವನು ಹಿಂಗಾಲಿನ ಸಂದಿ ನೆಕ್ಕಿಕೊಳ್ಳುವುದನ್ನು ಬಿಡಲೇ ಇಲ್ಲ. ಸೇಡು ತೀರಿಸೋನು ಹೀಗಾ ಇರ್ತಾನೆ? ತಕ್ಷಣ ಡಾಕ್ಟರ ಹತ್ತಿರ ಎತ್ತಿಕೊಂಡು ಓಡಿದೆ.

ಮೂತ್ರಕೋಶದ ಉರಿಯೂತ. ಸದ್ಯ, ಉಚ್ಚೆ ಪೂರ್ತಿ ಕಟ್ಟಿರಲಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಅದು ಮುಚ್ಚಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಹಾಗಾಗಿ ಬೆಕ್ಕು ತಿಣುಕುತ್ತಾ ಕೂತಿದ್ದರೆ "ನಾಳೆ ನೋಡೋಣ" ಅನ್ನಬೇಡಿ.

ಡಾಕ್ಟರು ಔಷಧಿ ಕೊಟ್ಟು, ಮನೆ ಬಗ್ಗೆ ಕೇಳಿದರು. ಟ್ರೇ ಎಷ್ಟಿವೆ? ಒಂದೇ. ಎಲ್ಲಿದೆ? ಹಿಂದಿನ ಕೋಣೆಯಲ್ಲಿ. "ಅಲ್ಲಿಗೆ ಹೋಗೋ ದಾರೀಲಿ ಯಾರಿರ್ತಾರೆ?" ನಾನು ತೆಪ್ಪಗಾದೆ. ಆ ದಾರಿಯಲ್ಲೇ ಚಿನ್ನಿಯ ಹಾಸಿಗೆ ಇತ್ತು! ಅವನು ಹೊರಟಾಗಲೆಲ್ಲ ಅವಳು ಹಾರಿ ಬರುತ್ತಿದ್ದಳು. ಬೆಕ್ಕುಗಳಲ್ಲಿ ಈ ಉರಿಯೂತಕ್ಕೆ ಎಷ್ಟೋ ಸಲ ಸೋಂಕು ಕಾರಣವೇ ಅಲ್ಲವಂತೆ, ಇಂಥ ಒತ್ತಡವೂ ಸಾಕಂತೆ.

ಮೊದಲು ಚಿನ್ನಿಯ ಹಾಸಿಗೆ ಎತ್ತಿ ಬೇರೆ ಕಡೆ ಹಾಕಿದೆ. ಇನ್ನೊಂದು ಟ್ರೇ ತಂದು ಮಹಡಿಯಲ್ಲಿಟ್ಟೆ. ಮುಚ್ಚಳ ಇಲ್ಲದ್ದು, ಯಾರು ಬರುತ್ತಿದ್ದಾರೆ ಅಂತ ಅವನಿಗೆ ಕಾಣಬೇಕಲ್ವಾ? ಕಿಟಕಿ ಪಕ್ಕ ಒಂದು ಹಲಗೆ ಹೊಡೆಸಿದೆ. ಗುಂಡ ಅರ್ಧ ದಿನ ಅಲ್ಲೇ ಕೂತು ಚಿನ್ನಿಯನ್ನು ಮೇಲಿಂದ ನೋಡುತ್ತಿದ್ದ. ಬೆಕ್ಕಿಗೆ ಎತ್ತರ ಇದ್ದರೆ ಅರ್ಧ ಧೈರ್ಯ ಬಂದ ಹಾಗೆ.

ಕಷ್ಟ ಆಗಿದ್ದು ಇಬ್ಬರ ಮಾತು ಇಬ್ಬರಿಗೂ ತಿಳಿಯದೆ ಇದ್ದದ್ದು. ಚಿನ್ನಿ ಮುಂಗಾಲು ಚಾಚಿ, ಹಿಂಭಾಗ ಮೇಲೆತ್ತಿ "ಬಾ ಆಡೋಣ" ಅನ್ನುತ್ತಿದ್ದಳು. ಗುಂಡನ ಕಣ್ಣಿಗೆ ಅದು ಮೇಲೆ ಬೀಳೋಕೆ ಹೊಂಚು ಹಾಕಿದ ಹಾಗೆ. ಅವನು ಬಾಲ ಪಟಪಟ ಬಡಿದರೆ "ದೂರ ಇರು" ಅಂತ. ಇವಳಿಗೆ ಬಾಲ ಆಡಿದ್ದು ಕಂಡರೆ ಸಾಕು, ಖುಷಿ. ಸುಮಾರು ಎರಡು ತಿಂಗಳು ಚಿನ್ನಿಗೆ ಬೆಲ್ಟ್ ಹಾಕಿಯೇ ಅವನ ಎದುರು ಕೂರಿಸಿದೆ. ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಾಗಲೆಲ್ಲ ಒಂದು ತುಂಡು ತಿಂಡಿ. ಬೇಜಾರು ಹಿಡಿಸೋ ಕೆಲಸ, ನಿಜ.

ಒಂದು ಸಲ ಚಿನ್ನಿ ಊಟ ಮಾಡುವಾಗ ಗುಂಡ ಹತ್ತಿರ ಬಂದ. ಅವಳ ಮೈ ಸೆಟೆಯಿತು, ಕಣ್ಣಂಚಲ್ಲಿ ಬಿಳಿ ಕಂಡಿತು, ಆಮೇಲೆ ಗುರ್ ಅಂದಳು. ಬೈಯೋಕೆ ಬಾಯಿ ತೆರೆದವನು ತಡೆದುಕೊಂಡೆ. ಗುರುಗುಟ್ಟೋದು ಎಚ್ಚರಿಕೆ. ಅದಕ್ಕೆ ಬೈದರೆ ನಾಯಿ ಎಚ್ಚರಿಕೆ ಕೊಡದೆ ಸೀದಾ ಕಚ್ಚೋದನ್ನು ಕಲಿಯಬಹುದು. ಅವತ್ತಿಂದ ಇಬ್ಬರ ತಟ್ಟೆ ಬೇರೆ ಬೇರೆ ಕೋಣೆಯಲ್ಲಿ.

ಅವರಿಬ್ಬರು ಇವತ್ತಿಗೂ ಸ್ನೇಹಿತರಲ್ಲ. ಗುಂಡ ಬಾಲ ನೆಟ್ಟಗೆ ಮಾಡಿಕೊಂಡು ಪಕ್ಕದಲ್ಲಿ ಹಾದು ಹೋಗುತ್ತಾನೆ, ಚಿನ್ನಿ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತಾಳೆ. ನನಗೆ ಅಷ್ಟು ಸಾಕು. ಬೆಳಿಗ್ಗೆ ಟ್ರೇ ಬಳಿಯುವಾಗ, ಗುಂಡನ ಉಚ್ಚೆಗೆ ಗಟ್ಟಿಯಾದ ಮರಳಿನ ಉಂಡೆ ಎಣಿಸುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಇವತ್ತು ಮೂರು ಇದ್ದವು.