ಮಳೆಗಾಲದ ಸುಳ್ಳು ಅಲಾರಂ: ಡಕ್ಟ್ ಹೊಗೆ ಪತ್ತೆಯಂತ್ರ ಸರಿಪಡಿಸಿದ ಅನುಭವ

ಕಾರವಾರದ ಹೋಟೆಲೊಂದರಲ್ಲಿ ಜುಲೈ ತಿಂಗಳ ಮಳೆ ಹಿಡಿದ ದಿನದಿಂದ ಕೋಣೆಗಳ ಗಾಳಿಯನ್ನು ಹವಾನಿಯಂತ್ರಣ ಯಂತ್ರಕ್ಕೆ ಮರಳಿ ಒಯ್ಯುವ ಹಿಂಗಾಳಿ ಡಕ್ಟ್‌ಗೆ ಜೋಡಿಸಿದ್ದ ಹೊಗೆ ಪತ್ತೆಯಂತ್ರವು ಹೊಗೆಯಿಲ್ಲದೆಯೇ ಅಲಾರಂ ಕೊಟ್ಟು ಫ್ಯಾನನ್ನು ನಿಲ್ಲಿಸುತ್ತಿತ್ತು. ಬೇಸತ್ತ ಸಿಬ್ಬಂದಿ ಅದರ ಸಂಪರ್ಕವನ್ನೇ ತೆಗೆಯಲು ಹೊರಟಿದ್ದರು. ನಾನು ಒಪ್ಪಲಿಲ್ಲ, ಏಕೆಂದರೆ ಬೆಂಕಿ ಬಿದ್ದಾಗ ಹೊಗೆಯನ್ನು ಎಲ್ಲ ಕೋಣೆಗಳಿಗೂ ಹಂಚದಂತೆ ತಡೆಯುವುದು ಈ ಯಂತ್ರವೇ.

ಮುಚ್ಚಳ ತೆರೆದಾಗ ಒಳಗೆ ನೀರಹನಿಗಳಿದ್ದವು. ಹಿಂಗಾಳಿ ಡಕ್ಟ್‌ನೊಳಗೆ ಒತ್ತಡ ಹೊರಗಿಗಿಂತ ಕಡಿಮೆಯಿರುವುದರಿಂದ, ಸವೆದ ಗ್ಯಾಸ್ಕೆಟ್‌ನ ಸಂದಿನಿಂದ ಯಂತ್ರಕೋಣೆಯ ತೇವದ ಗಾಳಿ ಒಳಸೇರಿ, ಸುಮಾರು 22 ಡಿಗ್ರಿಯಷ್ಟು ತಂಪಾಗಿದ್ದ ಪೆಟ್ಟಿಗೆಯಲ್ಲಿ ಸಾಂದ್ರೀಕರಿಸುತ್ತಿತ್ತು. ಆ ಹನಿಗಳು ಬೆಳಕನ್ನು ಚದುರಿಸಿದಾಗ ಸಂವೇದಕವು ಅದನ್ನು ಹೊಗೆಯೆಂದೇ ತಿಳಿಯುತ್ತಿತ್ತು. ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿತ್ತು: ಡಕ್ಟ್‌ನ ಗಾಳಿಯನ್ನು ಸಂವೇದಕಕ್ಕೆ ತರುವ ಮಾದರಿ ಕೊಳವೆಯ, ಗಾಳಿ ಬರುವ ದಿಕ್ಕಿಗೆ ಮುಖಮಾಡಬೇಕಾದ ರಂಧ್ರಗಳು ಹಿಂದಕ್ಕೆ ತಿರುಗಿದ್ದವು, ಆದ್ದರಿಂದ ಈ ಕೊಳವೆಗೂ ಗಾಳಿಯನ್ನು ಡಕ್ಟ್‌ಗೆ ಮರಳಿಸುವ ಇನ್ನೊಂದು ಕೊಳವೆಗೂ ನಡುವೆ ಮಾನೋಮೀಟರ್ (ಒತ್ತಡಮಾಪಕ) ಒತ್ತಡದ ವ್ಯತ್ಯಾಸವನ್ನೇ ತೋರಿಸಲಿಲ್ಲ. ನಿಜವಾದ ಹೊಗೆ ಬಂದಿದ್ದರೂ ಅದು ಸಂವೇದಕವನ್ನು ತಲುಪುವ ಭರವಸೆ ಇರಲಿಲ್ಲ.

ಕೊಳವೆಯನ್ನು ತಿರುಗಿಸಿ, ಅದರ ತುದಿಗೆ ಬಿರಡೆ ಹಾಕಿ, ಗ್ಯಾಸ್ಕೆಟ್ ಬದಲಿಸಿ, ಡಕ್ಟ್‌ಗೆ ಕೊರೆದ ರಂಧ್ರದ ಸುತ್ತ ಸೀಲೆಂಟ್ ತುಂಬಿದೆ. ಒತ್ತಡದ ವ್ಯತ್ಯಾಸ ತಯಾರಕರು ಹೇಳಿದ ಮಿತಿಯೊಳಗೆ ಬಂದಿತು. ಬಳಿಕ ಫ್ಯಾನ್ ಚಾಲೂ ಇಟ್ಟು ಡಕ್ಟ್‌ನೊಳಗೆ ಪರೀಕ್ಷಾ ಹೊಗೆ ಬಿಟ್ಟಾಗ ಅಲಾರಂ ಮೊಳಗಿ ಫ್ಯಾನ್ ನಿಂತಿತು.